ಹಾರ್ಡ್ ಡಿಸ್ಕ್ ಕೈಕೊಡುವ ಮುನ್ನ ದಾಖಲೆ ಉಳಿಸಿಕೊಳ್ಳುವುದು ಹೇಗೆ?

ರಬಕವಿ-ಬನಹಟ್ಟಿಯ ಸೀರೆ ಅಂಗಡಿಗಳಲ್ಲಿ ಹತ್ತು ವರ್ಷದ ಹಿಂದೆ ಕೊಂಡ ಕಂಪ್ಯೂಟರುಗಳು ಇಂದಿಗೂ ದುಡಿಯುತ್ತಿರುವುದನ್ನು ಕಾಣಬಹುದು. ಕೀರ್ದಿ-ಖತಾವಣಿ, ಜಿಎಸ್‌ಟಿ ಬಿಲ್ಲು, ಅಂಚು-ಸೆರಗಿನ ವಿನ್ಯಾಸ, ಎಲ್ಲವೂ ಅದರೊಳಗಿನ ಒಂದೇ ಹಾರ್ಡ್ ಡಿಸ್ಕಿನಲ್ಲಿರುತ್ತವೆ. ಕೆಡಲಾರಂಭಿಸಿದ ಡಿಸ್ಕ್ ಹಲವು ಬಾರಿ ಟಕ್ ಟಕ್ ಎಂದು ಸದ್ದು ಮಾಡಿ ಸೂಚನೆ ಕೊಡುತ್ತದೆ. ಆದರೆ ಗೋಡೆಯಾಚೆ ವಿದ್ಯುತ್ ಮಗ್ಗಗಳು ಓಡುತ್ತಿರುವಾಗ ಆ ಸಣ್ಣ ಸದ್ದು ಯಾರ ಕಿವಿಗೂ ಬೀಳುವುದಿಲ್ಲ. ಆದ್ದರಿಂದ ಇಲ್ಲಿ ಕಿವಿಗಿಂತ ಕಣ್ಣನ್ನೇ ನಂಬಬೇಕು.

ಆ ಸದ್ದಿನ ಮೂಲ ತಿಳಿದರೆ ಮುಂದಿನ ಎಚ್ಚರಿಕೆಗಳು ತಾವಾಗಿಯೇ ಅರ್ಥವಾಗುತ್ತವೆ. ಡಿಸ್ಕಿನ ಪೆಟ್ಟಿಗೆಯೊಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳಿದ್ದು, ಅವುಗಳ ಮೇಲಿನ ಕಾಂತೀಯ ಲೇಪದಲ್ಲಿ ಕಾಂತದ ದಿಕ್ಕು ಬದಲಿಸುವ ಮೂಲಕ ಮಾಹಿತಿಯನ್ನು ಬರೆಯಲಾಗುತ್ತದೆ. ಮೇಜಿನ ಕಂಪ್ಯೂಟರಿನ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು, ಎಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಓದುವ-ಬರೆಯುವ ಹೆಡ್ ತಟ್ಟೆಯನ್ನು ಮುಟ್ಟದೆ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೆಳುವಾದ ಗಾಳಿಯ ಪದರದ ಮೇಲೆ ತೇಲುತ್ತದೆ. ಮನುಷ್ಯನ ಕೂದಲಿನ ದಪ್ಪವೇ ಸುಮಾರು 80,000 ನ್ಯಾನೋಮೀಟರ್. ಮಗ್ಗದ ಕೋಣೆಯಲ್ಲಿ ಹಾರಾಡುವ ಹತ್ತಿಯ ಎಳೆಯೊಂದು ಒಳಗೆ ಹೋದರೆ ಏನಾದೀತೆಂದು ಊಹಿಸಿಕೊಳ್ಳಿ. ಡಿಸ್ಕಿನ ಮುಚ್ಚಳವನ್ನು ಎಂದೂ ಬಿಚ್ಚಬಾರದು ಎನ್ನುವುದು ಇದೇ ಕಾರಣಕ್ಕೆ. ಹೆಡ್ ತನ್ನ ಜಾಗವನ್ನು ಗುರುತಿಸಲಾಗದೆ ಮತ್ತೆ ಮತ್ತೆ ಹಿಂದಿರುಗಿ ಹುಡುಕುವಾಗ ಹುಟ್ಟುವ ಸದ್ದೇ ಆ ಟಕ್ ಟಕ್. (1956ರಲ್ಲಿ ಐಬಿಎಂ ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು, ಅಷ್ಟೂ ಸೇರಿ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳನ್ನು ಮಾತ್ರ.)

ಮೊದಲ ಕೆಲಸ ತಪಾಸಣೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶವು ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಂಡ ಲೆಕ್ಕವನ್ನು ತೋರಿಸುತ್ತದೆ. ಅದರಲ್ಲಿ 05, ಸಿ5, ಸಿ6 ಎಂಬ ಮೂರು ಸಾಲುಗಳನ್ನು ನೋಡಿದರೆ ಸಾಕು. ಹಾಳಾದ ಜಾಗಕ್ಕೆ ಬದಲಾಗಿ ಮೀಸಲು ಜಾಗವನ್ನು ಎಷ್ಟು ಬಾರಿ ಬಳಸಲಾಗಿದೆ, ಎಷ್ಟು ಜಾಗ ಅನುಮಾನದಲ್ಲಿದೆ, ಎಷ್ಟನ್ನು ಓದಲು ಸಾಧ್ಯವೇ ಆಗಿಲ್ಲ ಎಂಬುದನ್ನು ಅವು ಹೇಳುತ್ತವೆ. ಕೊನೆಯ ಅಂಕಣದಲ್ಲಿ ಸೊನ್ನೆಯಲ್ಲದ ಸಂಖ್ಯೆಯಿದ್ದು, ವಾರದಿಂದ ವಾರಕ್ಕೆ ಅದು ಏರುತ್ತಿದ್ದರೆ ತಡಮಾಡಬೇಡಿ. ಎಲ್ಲವೂ ಸೊನ್ನೆಯಿದ್ದ ಡಿಸ್ಕ್ ಕೂಡ ಒಮ್ಮೆಲೇ ನಿಂತುಹೋದ ಉದಾಹರಣೆಗಳಿವೆ ಎಂಬುದೂ ನೆನಪಿರಲಿ.

ಲಕ್ಷಣ ಕಂಡಾಗ ಹೆಚ್ಚಿನವರು ಮಾಡುವ ತಪ್ಪೆಂದರೆ ವಿಂಡೋಸ್ ಕೇಳುವ ದುರಸ್ತಿಗೆ ಒಪ್ಪಿಬಿಡುವುದು. ಆ ದುರಸ್ತಿಯು ಕಡತಗಳ ಪಟ್ಟಿಯನ್ನು ಸರಿಪಡಿಸುತ್ತದೆಯೇ ಹೊರತು ಸವೆದ ಹೆಡ್ಡನ್ನಲ್ಲ. ಬದಲಿಗೆ ಸೋತ ಡಿಸ್ಕನ್ನು ಗಂಟೆಗಟ್ಟಲೆ ಓಡಿಸಿ ಇನ್ನಷ್ಟು ಸೋಲಿಸುತ್ತದೆ. ಮೊದಲು ನಕಲು, ಆಮೇಲೆ ದುರಸ್ತಿ.

ಕಂಪ್ಯೂಟರನ್ನು ಬಂದ್ ಮಾಡಿ, ಡಿಸ್ಕನ್ನು ಹೊರತೆಗೆದು, ಸಾಟಾದಿಂದ (ಡಿಸ್ಕಿಗೆ ಕೇಬಲ್ ಸಿಕ್ಕಿಸುವ ಕಿಂಡಿ) ಯುಎಸ್‌ಬಿಗೆ ಜೋಡಿಸುವ ಕೇಬಲ್ಲಿನ ಮೂಲಕ ಇನ್ನೊಂದು ಕಂಪ್ಯೂಟರಿಗೆ ಸೇರಿಸಿ. ಲ್ಯಾಪ್‌ಟಾಪಿನ 2.5 ಅಂಗುಲದ ಡಿಸ್ಕಿಗೆ ಯುಎಸ್‌ಬಿ ಕೊಡುವ ವಿದ್ಯುತ್ತು ಸಾಮಾನ್ಯವಾಗಿ ಸಾಕಾಗುತ್ತದೆ, 3.5 ಅಂಗುಲದ ಡಿಸ್ಕಿಗೆ 12 ವೋಲ್ಟಿನ ಅಡಾಪ್ಟರ್ ಬೇರೆಯಾಗಿ ಬೇಕೇ ಬೇಕು. ಡಿಸ್ಕನ್ನು ಸಮತಟ್ಟಾದ ಜಾಗದಲ್ಲಿಟ್ಟು, ತಿರುಗುತ್ತಿರುವಾಗ ಅಲುಗಿಸದಿರಿ. ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಪಕ್ಕಕ್ಕೊಂದು ಫ್ಯಾನ್ ಇರಲಿ. ಹೆಚ್ಚಿನ ಡಿಸ್ಕುಗಳು ತಾಳುವ ಮಿತಿ 60 ಡಿಗ್ರಿ ಸೆಲ್ಸಿಯಸ್. ಕರೆಂಟು ನಡುವೆ ಹೋಗದಂತೆ ಯುಪಿಎಸ್ ಕೂಡ ಬೇಕು.

ನಕಲು ಮಾಡುವಾಗ ಮತ್ತೆ ಸಿಗದಿರುವುದಕ್ಕೆ ಮೊದಲ ಸರದಿ. ವಿಂಡೋಸನ್ನೂ ಲೆಕ್ಕದ ತಂತ್ರಾಂಶವನ್ನೂ ಮತ್ತೆ ಹಾಕಿಕೊಳ್ಳಬಹುದು, ಮೂರು ವರ್ಷದ ಉದ್ರಿ ಲೆಕ್ಕವನ್ನಲ್ಲ. ಸಣ್ಣ ಸಣ್ಣ ಸಾವಿರಾರು ಕಡತಗಳ ನಕಲು ಒಂದೇ ದೊಡ್ಡ ಕಡತಕ್ಕಿಂತ ನಿಧಾನವಾಗುವುದು ಸಹಜ. ಪ್ರತಿ ಬಾರಿಯೂ ಹೆಡ್ಡನ್ನು ಹೊತ್ತ ತೋಳು ಸರಿಯಬೇಕು, ತಟ್ಟೆ ಸರಾಸರಿ ಅರ್ಧ ಸುತ್ತು ತಿರುಗುವುದನ್ನು ಕಾಯಬೇಕು. ಯಾವುದಾದರೂ ಕಡತದಲ್ಲಿ ನಕಲು ನಿಂತರೆ ಅದನ್ನು ಬಿಟ್ಟು ಮುಂದೆ ಸಾಗಿ. ಲಿನಕ್ಸ್ ಬಲ್ಲವರಿಗೆ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ನಕಲು ತಂತ್ರಾಂಶ ಇದಕ್ಕಿಂತ ಒಳ್ಳೆಯ ದಾರಿ: ಅದು ಸುಲಭವಾಗಿ ಸಿಗುವ ಭಾಗಗಳನ್ನು ಮೊದಲು ತೆಗೆದುಕೊಂಡು, ಹಟ ಮಾಡುವ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಆದರೆ ಯಾವುದು ಹಳೆಯ ಡಿಸ್ಕ್, ಯಾವುದು ಹೊಸದು ಎಂಬುದನ್ನು ಎರಡು ಸಲ ನೋಡಿಕೊಳ್ಳಿ. ಅದಲುಬದಲಾದರೆ ಇದ್ದ ದಾಖಲೆಯೂ ಅಳಿಸಿಹೋಗುತ್ತದೆ. ಟಕ್ ಟಕ್ ಸದ್ದು ಜೋರಾಗಿದ್ದು ಡಿಸ್ಕ್ ಗೋಚರಿಸುವುದೇ ಇಲ್ಲವಾದರೆ ನಿಮ್ಮ ಪ್ರಯತ್ನ ಅಲ್ಲಿಗೆ ಮುಗಿಯಿತು. ಧೂಳಿಲ್ಲದ ಕೋಣೆಯಿರುವ ಪ್ರಯೋಗಾಲಯದವರಷ್ಟೇ ಅದನ್ನು ಬಿಚ್ಚಬಲ್ಲರು. ಫ್ರಿಜ್ಜಿನಲ್ಲಿಟ್ಟು ತೆಗೆಯುವ ಹಳೆಯ ಉಪಾಯ ಬೇಡ, ತೇವ ಒಳಸೇರುತ್ತದೆ.

ನಕಲಾದ ಕಡತಗಳನ್ನು ತೆರೆದು ನೋಡಿ. ಒಂದು ಟಿಬಿಯ, ಎಂದರೆ 1000 ಜಿಬಿಯ ಹೊಸ ಡಿಸ್ಕ್ ವಿಂಡೋಸಿನಲ್ಲಿ 931 ಜಿಬಿ ಎಂದು ಕಂಡರೆ ಅಂಗಡಿಯವನೊಡನೆ ಜಗಳ ಬೇಡ. ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತವೆ. ಎರಡನೆಯ ಪ್ರತಿಯೊಂದು ಅಂಗಡಿಯಲ್ಲಲ್ಲ, ಮನೆಯಲ್ಲಿರಲಿ.

ಇನ್ನು ಹಳೆಯ ಡಿಸ್ಕನ್ನು ಹಾಗೆಯೇ ಗುಜರಿಗೆ ಕೊಡಬೇಡಿ. ಡಿಲೀಟ್ ಮಾಡಿದಾಗ ಹೋಗುವುದು ಪಟ್ಟಿಯಲ್ಲಿನ ಹೆಸರು ಮಾತ್ರ. ಗಿರಾಕಿಗಳ ಲೆಕ್ಕ ತಟ್ಟೆಯ ಮೇಲೆ ಹಾಗೆಯೇ ಉಳಿದಿರುತ್ತದೆ. ಇನ್ನೂ ಓಡುವ ಡಿಸ್ಕಾಗಿದ್ದರೆ ವಿಂಡೋಸಿನಲ್ಲಿ ಕ್ವಿಕ್ ಫಾರ್ಮ್ಯಾಟ್ ಗುರುತನ್ನು ತೆಗೆದು ಪೂರ್ಣ ಫಾರ್ಮ್ಯಾಟ್ ಮಾಡಿ. ಓಡದ ಡಿಸ್ಕಾಗಿದ್ದರೆ ದಪ್ಪ ಗೋಣಿಚೀಲದಲ್ಲಿ ಸುತ್ತಿ ಸುತ್ತಿಗೆಯಿಂದ ತಟ್ಟೆಗಳನ್ನು ಒಡೆಯಿರಿ. ಲ್ಯಾಪ್‌ಟಾಪಿನ ತಟ್ಟೆಗಳು ಬಹುಮಟ್ಟಿಗೆ ಗಾಜಿನವಾದ್ದರಿಂದ ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಈ ಕೆಲಸಕ್ಕೆ ಕೂರಬೇಕು.