ಬಾರಾಕುಡಾ ಹುಡುಗರ 26 ಸಹಿ ಸಿಕ್ಕಿದ್ದು ಹೀಗೆ

"ಮೈನರ್ ಲೀಗ್ ಹುಡುಗರ ಸಹಿ ಯಾರಿಗೆ ಬೇಕು ಮಾರಾಯಾ?" ಅಂತ ಅಮೆರಿಕದ ಸ್ಯಾನ್ ಹೋಸೆಯ ನಮ್ಮ ಗೆಳೆಯರೆಲ್ಲ ನಕ್ಕಿದ್ದರು, ಇಲ್ಲಿನ ಐಸ್ ಹಾಕಿ ಟೀಮ್ ಬಾರಾಕುಡಾದ ಹುಡುಗರ ಸಹಿ ಕೂಡಿಸುತ್ತೇನೆ ಅಂದಾಗ. ಬೇಕಿದ್ದರೆ ದೊಡ್ಡ ಲೀಗಿನ ಶಾರ್ಕ್ಸ್‌ನವರದ್ದು (ಬಾರಾಕುಡಾ ಅವರ ಕೆಳಗಿನ ಹಂತದ ಟೀಮು) ಆನ್‌ಲೈನ್‌ನಲ್ಲಿ ಕೊಂಡುಕೋ ಅಂದರು. ಅದನ್ನೂ ಮಾಡಿ ನೋಡಿದ್ದೆ. 45 ಡಾಲರ್ ಕೊಟ್ಟು ತರಿಸಿದ ಫೋಟೋವನ್ನು ಭೂತಗನ್ನಡಿಯಲ್ಲಿ ನೋಡಿದರೆ ಸಹಿ ತುಂಬಾ ಚುಕ್ಕಿ ಚುಕ್ಕಿ. ಪ್ರಿಂಟ್ ಹೊಡೆದದ್ದು! ಅವತ್ತೇ ತೀರ್ಮಾನ ಮಾಡಿದೆ, ಇನ್ನು ಕಣ್ಣೆದುರು ಹಾಕಿಸಿಕೊಂಡ ಸಹಿ ಮಾತ್ರ.

ಶಾರ್ಕ್ಸ್ ಆಡುವ ಜಾಗದಲ್ಲಿ 17 ಸಾವಿರ ಜನ ಕೂರುತ್ತಾರೆ. ಅಲ್ಲಿ ಆಟಗಾರರ ಹತ್ತಿರ ಸುಳಿಯೋಕೂ ಆಗಲ್ಲ. ಬಾರಾಕುಡಾ 2022ರಿಂದ ಆಡುತ್ತಿರುವ ಟೆಕ್ ಸಿಯು ಅರೀನಾದಲ್ಲಿ ನಾಲ್ಕು ಸಾವಿರ ಚಿಲ್ಲರೆ ಸೀಟು, ಅಷ್ಟೇ. ಆಟ ಮುಗಿದ ಮೇಲೆ ಸಹಿ ಹಾಕುವ ದಿನ ಹುಡುಗರು ಟೀಶರ್ಟ್ ಹಾಕಿಕೊಂಡು ಮೇಜಿನ ಹಿಂದೆ ಸಾಲಾಗಿ ಕೂತಿರುತ್ತಾರೆ. ನಾನು ಎಡವಿದ್ದೂ ಅಲ್ಲೇ. ಹೆಲ್ಮೆಟ್ ತೆಗೆದರೆ ಯಾರು ಯಾರೆಂದೇ ಗೊತ್ತಾಗಲ್ಲ! ಎಲ್ಲರಿಗೂ ಇಪ್ಪತ್ತು ಇಪ್ಪತ್ತೆರಡು ವಯಸ್ಸು, ಎಲ್ಲರದ್ದೂ ಒದ್ದೆ ಕೂದಲು. ಮೊದಲ ಸಲ ಡಿಫೆನ್ಸ್ ಹುಡುಗನ ಮುಂದೆ ಗೋಲಿಯ, ಅಂದರೆ ಗೋಲ್‌ಕೀಪರ್‌ನ, ಫೋಟೋ ಇರುವ ಕಾರ್ಡ್ ಇಟ್ಟೆ. ಅವನು ನಕ್ಕು ಪಕ್ಕದವನ ಕಡೆ ತಳ್ಳಿದ. ನಾಚಿಕೆಗೆ ಎರಡು ವಾರ ಆ ಕಡೆ ತಲೆ ಹಾಕಲಿಲ್ಲ.

ಆಮೇಲೆ ಎಲ್ಲರ ಮುಖದ ಫೋಟೋ ಒಂದೇ ಹಾಳೆಯಲ್ಲಿ ಪ್ರಿಂಟ್ ಮಾಡಿ, ಪಕ್ಕದಲ್ಲಿ ಜರ್ಸಿ ನಂಬರ್ ಬರೆದು, ಬೈಂಡರ್‌ನ ಮೊದಲ ಪುಟಕ್ಕೆ ಸಿಕ್ಕಿಸಿದೆ. ಕಾರ್ಡುಗಳನ್ನೂ ನಂಬರ್ ಪ್ರಕಾರ ಜೋಡಿಸಿದೆ. ಹೆಸರು ಹೇಗೆ ಉಚ್ಚರಿಸಬೇಕು ಅಂತ ಕನ್ನಡದಲ್ಲಿ ಬರೆದಿಟ್ಟೆ. ಇದು ತಮಾಷೆಯಲ್ಲ. ಸ್ವೀಡನ್ನಿನವನನ್ನೋ ರಷ್ಯಾದವನನ್ನೋ ಸರಿಯಾದ ಹೆಸರು ಹಿಡಿದು ಕರೆದರೆ ತಲೆ ಎತ್ತಿ ನೋಡಿ, ನಿಧಾನವಾಗಿ, ಪೂರ್ತಿ ಹೆಸರು ಬರೆಯುತ್ತಾನೆ. ಇಲ್ಲದಿದ್ದರೆ ಒಂದು ಗೀಚು, ಮುಂದಿನವರು ಬನ್ನಿ. ಗೀಚಿದರೂ ಪರವಾಗಿಲ್ಲ, ಕೆಳಗೆ ಜರ್ಸಿ ನಂಬರ್ ಹಾಕಿಸಿಕೊಳ್ಳಿ. ಎರಡು ವರ್ಷ ಬಿಟ್ಟು ನೋಡಿದಾಗ ಯಾರದ್ದೆಂದು ಹೇಳೋದು ಆ ನಂಬರ್ ಮಾತ್ರ.

ಇಂಕಿನ ವಿಷಯದಲ್ಲಿ ಸುಮಾರು ದುಡ್ಡು ಕಳೆದಿದ್ದೇನೆ. ಹೊಳಪಿನ ಕಾರ್ಡ್ ಮೇಲೆ ಶಾರ್ಪಿ ಮಾರ್ಕರ್ ಪೆನ್ನಿನ ಇಂಕು ನೀರಿನ ಹನಿ ಥರ ಒಡೆದು ನಿಲ್ಲುತ್ತೆ. ಹಿಂದಿನ ರಾತ್ರಿ ಬೇಬಿ ಪೌಡರ್ ಹಾಕಿ ಹತ್ತಿಯಲ್ಲಿ ಮೆಲ್ಲಗೆ ಉಜ್ಜಿಟ್ಟರೆ ಸರಿಯಾಗಿ ಹಿಡಿಯುತ್ತೆ. ಸಹಿ ಗಟ್ಟಿಯಾಗಿ ನಿಲ್ಲಲಿ ಅಂತ ಮೇಲೆ ಹೇರ್‌ಸ್ಪ್ರೇ ಹೊಡೆದು ನೋಡಿದೆ. ಆರು ಕಾರ್ಡ್ ಹಾಳು. ಕಾರ್ಡೇ ಬಂದಿರದ ಹುಡುಗರಿಗೆ ಮ್ಯಾಟ್ ಫೋಟೋ ಪ್ರಿಂಟ್ ಸಾಕು, ಒಂದಕ್ಕೆ ನಲವತ್ತು ಸೆಂಟ್ ಆಗಿರಬೇಕು. ಪಕ್‌ಗೆ (ಐಸ್ ಹಾಕಿಯಲ್ಲಿ ಚೆಂಡಿನ ಬದಲು ಹೊಡೆಯುವ ಕಪ್ಪು ರಬ್ಬರ್ ಬಿಲ್ಲೆ) ಬೆಳ್ಳಿ ಬಣ್ಣದ ಪೇಂಟ್ ಪೆನ್ನೇ ಬೇಕು. ಆದರೆ ಹತ್ತು ನಿಮಿಷ ಮುಟ್ಟಬಾರದು. ನಾನು ಜೇಬಿಗೆ ಹಾಕಿಕೊಂಡೆ. ಪ್ಯಾಂಟ್‌ಗೂ ಸಹಿ ಬಿತ್ತು, ಹೆಂಡತಿಯಿಂದ ಮಂಗಳಾರತಿಯೂ ಆಯಿತು.

ದೊಡ್ಡ ಹೆಸರಿನವನ ಮುಂದೆ ಕ್ಯೂ ನಿಲ್ಲಬೇಡಿ. ನಾನು ಯಾವಾಗಲೂ ಮೇಜಿನ ಆ ತುದಿಯಿಂದ, ಅಂದರೆ ಕಡಿಮೆ ಹೊತ್ತು ಆಡುವ ನಾಲ್ಕನೇ ಲೈನಿನ ಹುಡುಗರು, ಬ್ಯಾಕಪ್ ಗೋಲಿ ಇವರಿಂದ ಶುರು ಮಾಡುತ್ತೇನೆ. ಅವರು ಯಾವಾಗ ಬೇರೆ ಟೀಮಿಗೆ ಟ್ರೇಡ್ ಆಗುತ್ತಾರೋ, ಯಾವಾಗ ಇನ್ನೂ ಕೆಳಗಿನ ಲೀಗ್ ಇಸಿಎಚ್‌ಎಲ್‌ಗೆ ಇಳಿಯುತ್ತಾರೋ ಹೇಳೋಕಾಗಲ್ಲ. ಹೀಗೇ ಇಬ್ಬರನ್ನು ತಪ್ಪಿಸಿಕೊಂಡು, ಆಮೇಲೆ ಸಹಿ ವಾಪಸ್ ಕಳಿಸಲಿ ಅಂತ ಸ್ಟಾಂಪ್ ಹಚ್ಚಿದ ಕವರ್ ಒಳಗಿಟ್ಟು ಹೊಸ ಟೀಮಿಗೆ ಪತ್ರ ಬರೆದೆ. ಒಬ್ಬನದು ಬರೋಕೆ ಐದು ತಿಂಗಳು ಹಿಡಿಯಿತು. ಗೋಲಿಗಳನ್ನು ಹಿಡಿಯೋಕೆ ಇನ್ನೊಂದು ಉಪಾಯ ಇದೆ, ಅದನ್ನು ಇಲ್ಲಿ ಬರೆಯಲ್ಲ. ನೀವೆಲ್ಲ ಅಲ್ಲೇ ಬಂದು ನಿಂತರೆ ನನಗೇನು ಉಳಿಯುತ್ತೆ?

ಟಿಕೆಟ್, ಪಾರ್ಕಿಂಗ್, ಪೆನ್ನು, ಹಾಳಾದ ಕಾರ್ಡ್ ಎಲ್ಲ ಸೇರಿ ಆ ಸೀಸನ್‌ಗೆ ಹೆಚ್ಚುಕಮ್ಮಿ 550 ಡಾಲರ್ ಆಯಿತು. ಪಟ್ಟಿಯಲ್ಲಿದ್ದ 26 ಸಹಿಯೂ ಸಿಕ್ಕವು. ವಿಲಿಯಂ ಎಕ್ಲುಂಡ್ 2021ರ ಡ್ರಾಫ್ಟ್‌ನಲ್ಲಿ (ದೊಡ್ಡ ಲೀಗಿನ ಟೀಮುಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸುವುದು) ಏಳನೆಯವನಾಗಿ ಆಯ್ಕೆಯಾದ ಹುಡುಗ, 2022-23ರಲ್ಲಿ ಇದೇ ಬಾರಾಕುಡಾದಲ್ಲಿ ಆಡುತ್ತಿದ್ದ. ಅವನ ಕಾರ್ಡ್ ನೋಡಿ ಈಗ ಅದೇ ಗೆಳೆಯರು "ಒಂದು ನಮಗೂ ಕೊಡೋ" ಅನ್ನುತ್ತಾರೆ. ಕೊಡಲ್ಲ.

ಕೊನೆಗೊಂದು ಹುಚ್ಚು. ಮಡಿಕೇರಿಯಿಂದ ತಂದಿದ್ದ, ನಮ್ಮ ಮೈದಾನದ ಹಾಕಿಯ ನನ್ನ ಹಳೇ ಸ್ಟಿಕ್ಕನ್ನೇ ಒಂದು ದಿನ ಮೇಜಿನ ಮೇಲಿಟ್ಟೆ. ಇಷ್ಟು ಗಿಡ್ಡ ಸ್ಟಿಕ್ಕಾ, ಒಂದೇ ಬದಿಯಲ್ಲಿ ಹೊಡೆಯೋದಾ ಅಂತ ತಿರುಗಿಸಿ ತಿರುಗಿಸಿ ನೋಡಿದರು. ಒಬ್ಬನಂತೂ ಎದ್ದು ನಿಂತು ಬೀಸಿಯೇ ಬಿಟ್ಟ, ಹಿಂದೆ ಕ್ಯೂ ಗೊಣಗುತ್ತಿತ್ತು. ಅದರ ಮೇಲೆ 11 ಸಹಿ ಬಿದ್ದವು. ಮಗಳು ಹಿತ್ತಲಲ್ಲಿ ಅದರಲ್ಲೇ ಆಡಿ ಮೂರನ್ನು ಅಳಿಸಿಹಾಕಿದ್ದಾಳೆ.