ನಾಲ್ಕು ಗಂಟೆಗೆ ಬನ್ನಿ, ಡಾಕ್ಟ್ರೇ

ಮೃಗಾಲಯದ ಪ್ರಾಣಿ ಎಷ್ಟು ಚೆನ್ನಾಗಿದೆ ಅಂತ ಅಂಕ ಹಾಕುವ ಒಂದು ಹಾಳೆ ಇದೆ. ಅದರಲ್ಲಿ ನಾನು ಕರಡಿಗೆ 5ಕ್ಕೆ 4 ಕೊಟ್ಟಿದ್ದೆ. ತೂಕ ಸರಿ, ಕೂದಲು ಸರಿ, ಮಲ ಗಟ್ಟಿ, ತಟ್ಟೆ ಪೂರ್ತಿ ಖಾಲಿ. ಬೆಳಗ್ಗೆ 11 ಗಂಟೆಗೆ ಹೋದಾಗ ನೆರಳಲ್ಲಿ ಕಾಲು ಚಾಚಿ ಮಲಗಿತ್ತು. ನೆಮ್ಮದಿಯಾಗಿದೆ ಅಂತ ಬರೆದೆ. ಹಾಳೆ ನೋಡಿದ ಹಿರಿಯ ಕೀಪರ್ ಏನೂ ಅನ್ನಲಿಲ್ಲ. ನಾನು ಹೊರಡುವಾಗ ಮಾತ್ರ, ‘ನಾಳೆ ಸಾಯಂಕಾಲ ನಾಲ್ಕು ಗಂಟೆಗೆ ಒಂದ್ಸಲ ಬನ್ನಿ, ಡಾಕ್ಟ್ರೇ’ ಅಂದರು.

ಹೋದೆ. ಕರಡಿ ಬಾಗಿಲಿನಿಂದ ಮರದವರೆಗೆ ನಡೆಯುತ್ತಿತ್ತು. ಮರದ ಹತ್ತಿರ ತಲೆ ಎಡಕ್ಕೆ ಎತ್ತಿ ತಿರುಗುತ್ತಿತ್ತು. ಮತ್ತೆ ಬಾಗಿಲು. ಮತ್ತೆ ಮರ, ಅದೇ ಜಾಗ, ಅದೇ ಎಡಕ್ಕೆ. ಅಲ್ಲಿ ಹುಲ್ಲಿಲ್ಲದೆ ನುಣ್ಣಗಾದ ಒಂದು ಕಾಲುದಾರಿ ಇತ್ತು. ಕೀಪರ್‌ಗಳು ಓಡಾಡಿ ಆಗಿದ್ದು ಅಂದುಕೊಂಡಿದ್ದೆ ನಾನು! 5 ಗಂಟೆಗೆ ಊಟದ ಬಕೆಟ್ ಸದ್ದಾಯಿತು, ನಡಿಗೆ ನಿಂತಿತು. ನೆಮ್ಮದಿಯ ಪ್ರಾಣಿ ಹೀಗೆ ಒಂದೇ ದಾರಿ ತುಳಿಯುವುದಿಲ್ಲ.

ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ಓದಿದವಳು ನಾನು. ಈ ಹಾಳೆ ಸಿಕ್ಕಿದ್ದು ಮಾತ್ರ ಹೊರದೇಶದ ಒಂದು ಮೃಗಾಲಯದಲ್ಲಿ, ತರಬೇತಿಗೆ ಹೋದಾಗ. ಅಲ್ಲಿ ದೊಡ್ಡ ಇರುವೆಭಕ್ಷಕಗಳಿದ್ದವು. ದಕ್ಷಿಣ ಅಮೆರಿಕದ ಪ್ರಾಣಿ. ಬಾಯಲ್ಲಿ ಒಂದೂ ಹಲ್ಲಿಲ್ಲ, ನಾಲಿಗೆ ಮಾತ್ರ ಹತ್ತಿರ ಹತ್ತಿರ 2 ಅಡಿ. ಮೈಬಿಸಿ ಸುಮಾರು 33 ಡಿಗ್ರಿ ಸೆಲ್ಸಿಯಸ್, ನಮಗಿಂತ ಕಮ್ಮಿ. ಬೆಂಗಳೂರಿನ ಡಿಸೆಂಬರ್ ಬೆಳಗಿಗೂ ಅದಕ್ಕೊಂದು ಬೆಚ್ಚನೆ ಕೋಣೆ ಬೇಕಾಗುತ್ತದೆ. ದಿನಕ್ಕೆ ಸಾವಿರಾರು ಇರುವೆ, ಗೆದ್ದಲು ತಿನ್ನುವ ಪ್ರಾಣಿಗೆ ಹಿಂದೆ ಮೃಗಾಲಯಗಳು ಹಾಲು, ಮಾಂಸ, ಮೊಟ್ಟೆ ಕಲಸಿದ ಗಂಜಿ ಕೊಡುತ್ತಿದ್ದವು. ಭೇದಿ ನಿಲ್ಲುತ್ತಿರಲಿಲ್ಲ. ವಿಟಮಿನ್ ಕೆ ಸಾಲದೆ ರಕ್ತ ಸೋರಿದ್ದು, ಟಾರಿನ್ ಅನ್ನುವ ಪೋಷಕಾಂಶ ಸಾಲದೆ ಹೃದಯ ಹಿಗ್ಗಿದ್ದು, ಎಲ್ಲಾ ಆಗಿದೆ. ಹಾಗಾಗಿ ಅವರ ಹಾಳೆಯಲ್ಲಿ ಮಲಕ್ಕೇ ಅರ್ಧ ಪುಟ. ನೀರೋ, ಸಗಣಿಯಂತೆಯೋ, ಗಟ್ಟಿಯೋ ಅಂತ ದಿನಾ ಗುರುತು ಹಾಕಬೇಕು.

ನಮ್ಮಲ್ಲಿ ಇರುವೆ, ಗೆದ್ದಲು ನಂಬಿದವರು ಅಂದರೆ ಚಿಪ್ಪುಹಂದಿ ಮತ್ತು ಕರಡಿ. ಚಿಪ್ಪುಹಂದಿಯನ್ನು ಸಾಕಿ ಬದುಕಿಸುವುದು ತುಂಬಾ ಕಷ್ಟ, ಅದರ ಮಾತು ಇಲ್ಲಿ ಬೇಡ. ನನ್ನ ಪಾಲಿಗೆ ಬಂದಿದ್ದು ಕರಡಿ. ನಮ್ಮ ಊರಿನ ಕರಡಿಯ ಬಾಯೇ ಗೆದ್ದಲು ಹೀರುವುದಕ್ಕೆ ಆದದ್ದು. ಉದ್ದ ತುಟಿ, ಬೇಕಾದಾಗ ಮುಚ್ಚಿಕೊಳ್ಳುವ ಮೂಗಿನ ಹೊಳ್ಳೆ, ಮೇಲಿನ ಸಾಲಿನ ನಡುವೆ ಎರಡು ಹಲ್ಲು ಇಲ್ಲದ ಸಂದು. ಜೊತೆಗಿದ್ದ ಇಂಟರ್ನ್ ಹುಡುಗನೊಬ್ಬ ‘ಮುಂದಿನ 2 ಹಲ್ಲು ಬಿದ್ದಿವೆ, ಪೆಟ್ಟಾಗಿರಬಹುದು’ ಅಂತ ಬರೆದುಕೊಂಡು ಬಂದ. ಮುಂದಿನ ಕರಡಿಗೂ ಹಾಗೇ ಬರೆದ. ಮೂರನೆಯದರ ಹತ್ತಿರ ಅವನಿಗೇ ಅನುಮಾನ ಬಂತು, ಪಾಪ.

ಆ ಸಾಯಂಕಾಲದ ನಂತರ ಅಂಕ ಕೊಡುವುದನ್ನು ಸ್ವಲ್ಪ ದಿನ ನಿಲ್ಲಿಸಿದೆ. ಬರೀ ನೋಡಿದೆ. ಬೆಳಗ್ಗೆ 6ರಿಂದ ಸಂಜೆ 6ರವರೆಗೆ, ನಾನು ಮತ್ತು ಕೀಪರ್‌ಗಳು ಪಾಳಿ ಹಾಕಿಕೊಂಡು, 5 ನಿಮಿಷಕ್ಕೊಮ್ಮೆ ಒಂದು ಗುರುತು. ಮಲಗಿದೆ, ತಿನ್ನುತ್ತಿದೆ, ಅಗೆಯುತ್ತಿದೆ, ಸುಮ್ನೆ ಓಡಾಡುತ್ತಿದೆ. ಒಂದು ವಾರದ ಹಾಳೆಗಳನ್ನು ಮೇಜಿನ ಮೇಲೆ ಹರಡಿದಾಗ ‘ಅಗೆಯುತ್ತಿದೆ’ ಸಾಲು ಖಾಲಿ ಖಾಲಿ. ‘ತಿನ್ನುತ್ತಿದೆ’ ಸಾಲಿನಲ್ಲಿ ದಿನಕ್ಕೆ ಎರಡೋ ಮೂರೋ ಗೀಟು. ರಾಗಿ ಗಂಜಿಗೆ ಮೊಟ್ಟೆ, ಹಾಲು, ಜೇನು ಹಾಕಿ ತಟ್ಟೆಯಲ್ಲಿ ಇಟ್ಟರೆ ಕರಡಿ ಗಡಿಯಾರ ನೋಡಿದಂತೆ 6 ನಿಮಿಷದಲ್ಲಿ ಮುಗಿಸುತ್ತಿತ್ತು. ಗಂಜಿಯಲ್ಲಿ ತಪ್ಪಿಲ್ಲ, ಹೊಟ್ಟೆ ತುಂಬುತ್ತದೆ. ಆದರೆ ಕಾಡಿನಲ್ಲಿ ಇದೇ ಊಟಕ್ಕೆ ರಾತ್ರಿಯೆಲ್ಲಾ ಹುತ್ತದಿಂದ ಹುತ್ತಕ್ಕೆ ಅಲೆದು, ಬಗೆದು, ಊದಿ, ಹೀರಬೇಕು. ಆ ಕೆಲಸವನ್ನೆಲ್ಲಾ ನಾವು ಕಿತ್ತುಕೊಂಡಿದ್ದೆವು.

ಗೆದ್ದಲನ್ನು ದಿನಾ ಹಿಡಿದು ತರುವುದು ಆಗದ ಮಾತು. ಆಗ ನೆನಪಾಗಿದ್ದು ರಾಮನಗರ. ಅಲ್ಲಿ ರೇಷ್ಮೆಗೂಡಿನಿಂದ ನೂಲು ಬಿಚ್ಚಿದ ಮೇಲೆ ಒಳಗಿನ ಪ್ಯೂಪಾ, ಅಂದರೆ ಗೂಡಿನೊಳಗಿನ ಹುಳು, ಉಳಿಯುತ್ತದೆ. ಕೋಳಿ, ಮೀನಿನ ಮೇವಿಗೆ ಹೋಗುತ್ತದೆ. ನೂಲು ಬಿಚ್ಚುವ ಪರಿಚಯದ ರೀಲರ್ ಒಬ್ಬರ ಹತ್ತಿರ ಒಂದು ಚೀಲ ತಂದೆ. ತಪ್ಪು ಮಾಡಿದ್ದು ಅಂದರೆ, ಹಸಿಯದನ್ನೇ ನನ್ನ ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು, ಮೈಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆ. ಪ್ಯೂಪಾದಲ್ಲಿ ಎಣ್ಣೆ ಜಾಸ್ತಿ, ಬೇಗ ಕಮಟು ಹಿಡಿಯುತ್ತದೆ. ಆ ಚೀಲ ಕರಡಿಗೆ ಮುಟ್ಟಲೇ ಇಲ್ಲ, ಎಸೆದೆ. ವಾಸನೆ ಒಂದು ತಿಂಗಳು ಕಾರಿನಲ್ಲಿತ್ತು, ನನ್ನ ಮಗಳು ಬಸ್ಸಿನಲ್ಲಿ ಓಡಾಡಿದಳು. ಎರಡನೇ ಸಲ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದ್ದನ್ನು ತಂದು ಫ್ರೀಜರಿಗೆ ಹಾಕಿದೆವು. ಕೊಡುವುದು ಹಿಡಿಯಷ್ಟು ಮಾತ್ರ, ಇಲ್ಲದಿದ್ದರೆ ಬೊಜ್ಜು ಬರುತ್ತದೆ. ಅಷ್ಟಕ್ಕೆ ಗಂಜಿಯಲ್ಲೂ ಕಮ್ಮಿ ಮಾಡಿದೆವು.

ಕೊಡುವ ರೀತಿಯಲ್ಲೂ ಎಡವಿದೆವು. ಟೈರಿನೊಳಗೆ ತುಂಬಿ ನೇತುಹಾಕಿದೆವು, 2 ನಿಮಿಷದಲ್ಲಿ ಕೆಳಗೆ ಬಿತ್ತು. ಆಮೇಲೆ ಕೀಪರ್ ಅಣ್ಣನೇ ಒಂದು ಉಪಾಯ ಮಾಡಿದರು. ಕೆಮ್ಮಣ್ಣು ಕಲಸಿ, ನಡುವೆ ಬಿದಿರಿನ ಕೊಳವೆಗಳನ್ನಿಟ್ಟು, ಮೊಣಕಾಲೆತ್ತರ ಹುತ್ತ ಕಟ್ಟಿ ಒಣಗಿಸಿದರು. ಕೊಳವೆಯೊಳಗೆ ಪ್ಯೂಪಾ, ಕೊಳವೆಯ ಬಾಯಿಗೆ ಒಂದು ಚೂರು ಜೇನು. ಕರಡಿ ಮೊದಲು ಮೂಸಿತು. ಒಂದು ಉಗುರು ಹಾಕಿ ಮಣ್ಣು ಕೆರೆದು, ತುಟಿ ಕೊಳವೆಯಂತೆ ಮಾಡಿ, ಬುಸ್ ಅಂತ ಊದಿ ಧೂಳು ಹಾರಿಸಿತು. ಆಮೇಲೆ ಶುರುವಾಯಿತು ಆ ಹೀರುವ ಸದ್ದು. ಎಳನೀರು ಮುಗಿದ ಮೇಲೂ ಯಾರೋ ಸ್ಟ್ರಾ ಬಿಡದೆ ಎಳೆಯುತ್ತಾರಲ್ಲ, ಹಾಗೆ. ಆಫೀಸಿನವರೆಗೂ ಕೇಳಿಸುತ್ತಿತ್ತು.

ಉಗುರಿನ ವಿಷಯ ಹೇಳಲೇಬೇಕು. ಮೊದಲೆಲ್ಲಾ ಅರಿವಳಿಕೆ ಕೊಟ್ಟಾಗ ಬೆಳೆದ ಉಗುರನ್ನು ನಾನೇ ಕತ್ತರಿಸುತ್ತಿದ್ದೆ, ಅದೊಂದು ಮಾಮೂಲಿ ಕೆಲಸ ಅಂತ. ಅಗೆಯದ ಕರಡಿಯ ಉಗುರು ಸವೆಯುವುದಿಲ್ಲ ಅಂತ ಹೊಳೆದಿದ್ದು ಹುತ್ತ ಬಂದ ಮೇಲೆ. ಈಗ ಉಗುರಿನ ಉದ್ದವೂ ಹಾಳೆಯಲ್ಲಿದೆ. ಮೈಕಟ್ಟನ್ನು ಕಣ್ಣಳತೆಯಲ್ಲಿ ಅಂದಾಜು ಮಾಡುವುದನ್ನೂ ಬಿಟ್ಟೆ. ಅಷ್ಟು ಕೂದಲಿನೊಳಗೆ ಸಣ್ಣಗಾದ ಕರಡಿಯೂ ದುಂಡಗೇ ಕಾಣುತ್ತದೆ. ಜೇನಿನ ಆಸೆಗೆ ತೂಕದ ಹಲಗೆ ಹತ್ತುವುದನ್ನು ಕಲಿಸಿದ್ದೇವೆ. ಸರಳಿನ ಹತ್ತಿರ ಬಾಯಿ ತೆರೆಯುವುದನ್ನೂ ಕಲಿಸಿದ್ದೇವೆ. ಸಾಕಿದ ಕರಡಿಗಳಲ್ಲಿ ಪಿತ್ತಕೋಶ, ಯಕೃತ್ತಿನ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಊಟ ಸ್ವಲ್ಪ ಬಿಟ್ಟರೂ ರಕ್ತ ಪರೀಕ್ಷೆ.

ಒಂದು ಮುದಿ ಹೆಣ್ಣು ಕರಡಿ ಇದೆ. ಹಿಂದೆ ಕುಣಿಸುತ್ತಿದ್ದ ಕರಡಿ. ಮೂಗಿನ ಮೇಲೆ ಹಗ್ಗ ಪೋಣಿಸಿದ ತೂತಿನ ಗುರುತು, ಕೋರೆಹಲ್ಲುಗಳನ್ನು ಆಗಲೇ ಒಡೆದಿದ್ದಾರೆ. ದೇಶದಲ್ಲಿ ಕರಡಿ ಕುಣಿತ ನಿಂತು ವರ್ಷಗಳೇ ಆದವು, ಅವಳು ಇನ್ನೂ ಸರಳಿನ ಮುಂದೆ ನಿಂತು ಎಡಕ್ಕೆ ಬಲಕ್ಕೆ ತೂಗುತ್ತಾಳೆ. ಹುತ್ತ ಕಟ್ಟಿದ ದಿನ ಬಂದು ತಿಂದಳು, ಚೆನ್ನಾಗಿಯೇ ತಿಂದಳು. ಮುಗಿದ ಮೇಲೆ ಮತ್ತೆ ಸರಳಿನ ಹತ್ತಿರ ಹೋಗಿ ತೂಗತೊಡಗಿದಳು. ಬೇರೆ ಕರಡಿಗಳ ಹಾಳೆಯಲ್ಲಿ ‘ಸುಮ್ನೆ ಓಡಾಟ’ದ ಗೀಟು ಅರ್ಧಕ್ಕೆ ಇಳಿದಿದೆ. ಅವಳದು ಇಳಿದಿಲ್ಲ. ಪ್ರತಿ ಗುರುವಾರ 4 ಗಂಟೆಗೆ ಹೋಗಿ, ಎಣಿಸಿ, ಬರೆದು ಬರುತ್ತೇನೆ.