ಸ್ಕಾಟ್‌ಲೆಂಡಿನ 2014: ಶಾಲೆಯ ಗೋಡೆಗೊಂದು ವರ್ಷಪಟ್ಟಿ

ತುಮಕೂರಿನ ಯಾವುದೇ ಸ್ಟೇಷನರಿ ಅಂಗಡಿಯಿಂದ 22×28 ಇಂಚಿನ ಡ್ರಾಯಿಂಗ್ ಶೀಟ್ ತಂದು ಅಡ್ಡಲಾಗಿ ಇಡಿ. ಎರಡೂ ಬದಿ 1 ಇಂಚು ಬಿಡಿ. ಉಳಿದ 26 ಇಂಚಿನಲ್ಲಿ ಸೆಪ್ಟೆಂಬರಿಗೆ 4, ಮಿಕ್ಕ ತಿಂಗಳುಗಳಿಗೆ ತಲಾ 2. ಸಮನಾಗಿ ಹಂಚಿದರೆ ಸೆಪ್ಟೆಂಬರಿನಲ್ಲಿ ಅಕ್ಷರ ಕಿಕ್ಕಿರಿದು ಹಿಂದಿನ ಬೆಂಚಿಗೆ ಕಾಣುವುದಿಲ್ಲ.

ತಪ್ಪುಗಳೂ ಹೆಚ್ಚಾಗುವುದು ಅಲ್ಲೇ. ಬ್ರಿಟನ್ನಿನಿಂದ ಸ್ವಾತಂತ್ರ್ಯ ಬೇಕೇ ಎಂಬ ಜನಮತಗಣನೆಗೆ ಮತ ಬಿದ್ದದ್ದು 18ರಂದು, ಫಲಿತಾಂಶ 19ರಂದು. ಎರಡು ಸಾಲು ಮಾಡಿ. ಬೇಡ 55.3%, ಬೇಕು 44.7%, ಮತದಾನ ಪ್ರಮಾಣ 84.6%. 16 ತುಂಬಿದವರಿಗೂ ಮತವಿತ್ತು ಎಂಬುದನ್ನು ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆಯಿರಿ, ಹೈಸ್ಕೂಲು ಮಕ್ಕಳು ನಿಂತು ಓದಬೇಕಾದ ಸಾಲು ಅದು. ಸ್ಕಾಟ್‌ಲೆಂಡ್ ಸರ್ಕಾರದ ಮುಖ್ಯಸ್ಥ ಅಲೆಕ್ಸ್ ಸಾಲ್ಮಂಡ್ ರಾಜೀನಾಮೆ ಘೋಷಿಸಿದ್ದು 19ರಂದೇ ಆದರೂ ಅವರ ಜಾಗಕ್ಕೆ ಬಂದ ನಿಕೋಲಾ ಸ್ಟರ್ಜನ್ ಪ್ರಮಾಣವಚನ ನವೆಂಬರ್ 20ರ ಮನೆಗೆ ಸೇರುತ್ತದೆ.

ಮೇ 23ಕ್ಕೆ ಗ್ಲಾಸ್ಗೋ ಕಲಾಶಾಲೆಯ ಬೆಂಕಿ. ಕಾಮನ್‌ವೆಲ್ತ್ ಕ್ರೀಡಾಕೂಟ ಜುಲೈ 23ರಿಂದ ಆಗಸ್ಟ್ 3ರವರೆಗೆ, ಹಾಗಾಗಿ ಚುಕ್ಕೆ ಬೇಡ, ಉದ್ದ ಗೆರೆ ಎಳೆಯಿರಿ. ಅದರ ಕೆಳಗೆ ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡರ ಡಿಸ್ಕಸ್ ಚಿನ್ನ, 63.64 ಮೀಟರ್. ಇದನ್ನು ಖಂಡಿತ ಬಿಡಬೇಡಿ.

ಸಾಲ್ಮಂಡ್, ಸ್ಟರ್ಜನ್ ಹೆಸರಿನ ಮುಂದೆ ‘ಫಸ್ಟ್ ಮಿನಿಸ್ಟರ್’ ಎಂದೇ ಇರಲಿ. ಪ್ರಧಾನಿ ಇರುವುದು ಲಂಡನ್ನಿನಲ್ಲಿ.